ಎತ್ತಿ ನೋಡಿ ಕೊಂಡ ಆಂಪ್ಲಿಫೈಯರು

ಹಳೆಯ ಆಂಪ್ಲಿಫೈಯರು ಕೆಟ್ಟ ದಿನ ಅದರಿಂದ ಹೊಗೆ ಬಂತು ಎಂದು ಮೊದಲು ಬರೆದಿದ್ದೆ. ಆ ಸಾಲನ್ನು ಹೊಡೆದುಹಾಕಿದ್ದೇನೆ. ಹೊಗೆ ಬರಲಿಲ್ಲ. ಸುಟ್ಟ ವಾಸನೆ ಬಂದಿರಬಹುದು, ಅದೂ ಖಾತ್ರಿಯಿಲ್ಲ. ಅದೇ ಹೊತ್ತಿಗೆ ನಾನು ಒಲೆಯ ಮೇಲೆ ಒಗ್ಗರಣೆ ಸೀಯಿಸುತ್ತಿದ್ದೆ. ಯಂತ್ರಗಳು ಹೊಗೆಯಾಡಿ ಸತ್ತರೆ ಬರೆಯುವವರಿಗೆ ಅನುಕೂಲ. ನಮ್ಮದು ಆ ಉಪಕಾರ ಮಾಡಲಿಲ್ಲ. ಬೆಳಗಿನ ರೇಡಿಯೊದಲ್ಲಿ ಯಾರೋ ಅಧಿಕಾರಿ ಭತ್ತದ ನಾಟಿಯ ಬಗ್ಗೆ ಮಾತಾಡುತ್ತಿದ್ದರು. ಮಾತಿನ ನಡುವೆ ಒಂದು ಗುಂಯ್ ಸದ್ದು ಬಂದು ಸೇರಿಕೊಂಡಿತು. ಆಮೇಲೆ ಮಾತು ಹೋಗಿ ಗುಂಯ್ ಮಾತ್ರ ಉಳಿಯಿತು. ಅವ್ವ ಸ್ವಲ್ಪ ಹೊತ್ತು ಅದಕ್ಕೂ ಉತ್ತರ ಕೊಟ್ಟಳು.

"ಸುಮ್ಕಿರಪ್ಪ ಕಂಡಿವ್ನಿ. ನೀನ್ ಯಾವತ್ ಕೆಸ್ರಿಗೆ ಇಳ್ದಿದ್ದೆ?"

ಅವ್ವ ಪೂರಿಗಾಲಿಯವಳು. ಕಿವಿಯ ಚಿಕಿತ್ಸೆಗೆಂದು ಮಂಡ್ಯಕ್ಕೆ ಬಂದವಳು ಅಲ್ಲಿನ ಗುತ್ತಲು ಕಡೆಯ ನಮ್ಮ ಮನೆಯಲ್ಲೇ ಉಳಿದಳು. ಡಾಕ್ಟರು ಕೊಟ್ಟ ಮೆಷಿನ್ನು ಹಾಕಿಕೊಂಡರೆ ಕಿವಿಯಲ್ಲಿ ಜೀರುಂಡೆ ಸಾಕಿಕೊಂಡ ಹಾಗಾಗುತ್ತದೆ ಎಂದು ಅದನ್ನು ತೆಗೆದು ಲವಂಗದ ಡಬ್ಬಿಯೊಳಗಿಟ್ಟಿದ್ದಾಳೆ. ಅವಳಿಗೆ ದಪ್ಪ ಸದ್ದು ಕೇಳುತ್ತದೆ, ತೆಳು ಸದ್ದು ಕೇಳುವುದಿಲ್ಲ. ಬಸ್ಸಿನ ಇಂಜಿನ್ನು ಕೇಳುತ್ತದೆ, ಕಂಡಕ್ಟರು ಕೇಳುವುದಿಲ್ಲ. ಟೀವಿಯ ಸದ್ದು ಎಷ್ಟು ಏರಿಸಿದರೂ ಅದು ಅವಳ ಪಾಲಿಗೆ ಗದ್ದಲ. ಹೇಗೋ ಒಂದು ದಿನ ನನ್ನ ಗಂಡನ ಕಾಲೇಜು ಕಾಲದ ಆಂಪ್ಲಿಫೈಯರಿಗೂ ಮರದ ಎರಡು ಸ್ಪೀಕರ್ ಪೆಟ್ಟಿಗೆಗಳಿಗೂ ಅವಳ ರೇಡಿಯೊದ ವೈರು ಸಿಕ್ಕಿಸಿ ನೋಡಿದೆವು. ಅವ್ವ ಪೆಟ್ಟಿಗೆಯ ಪಕ್ಕ ಕುರ್ಚಿ ಎಳೆದುಕೊಂಡು, ಎಮ್ಮೆಯ ಮೈ ಮೇಲೆ ಇಡುವ ಹಾಗೆ ಅದರ ಮೇಲೆ ಅಂಗೈ ಇಟ್ಟು ಕೂತಳು. ಹತ್ತು ನಿಮಿಷಕ್ಕೆ ವಾರ್ತೆ ಓದುವವಳ ಜೊತೆ ಜಗಳ ಶುರುವಾಗಿತ್ತು.

ಆ ಜಗಳವೇ ಅವ್ವ. ಅದನ್ನು ಬಿಟ್ಟರೆ ಅವಳಲ್ಲಿ ಬೇರೆ ಏನೂ ಇಲ್ಲ ಎಂದಲ್ಲ, ಆದರೆ ಇದ್ದದ್ದೆಲ್ಲ ಅದರ ಮೂಲಕವೇ ಹೊರಗೆ ಬರುತ್ತಿತ್ತು. ಆಂಪ್ಲಿಫೈಯರು ನಿಂತ ಮೇಲೆ ಅವಳು "ಊಂ" ಎನ್ನಲು ಕಲಿತಳು. ಕಾಫಿ ಬೇಕೇನವ್ವ? ಊಂ. ಪಕ್ಕದ ಮನೆಯವರ ಸೊಸೆ ತವರಿಗೆ ಹೋದಳಂತೆ. ಊಂ. ಒಂದು ದಿನ ತಡೆಯಲಾರದೆ ಕಿವಿಯ ಹತ್ತಿರ ಹೋಗಿ, ಈ ಸಲ ನಮ್ಮ ಕಡೆ ಗದ್ದೆಗೆಲ್ಲ ಕಡಲೆಕಾಯಿ ಎಣ್ಣೆ ಹಾಯಿಸುತ್ತಾರಂತೆ ಅಂದೆ. ಅವ್ವ ನನ್ನ ಬಾಯಿಯನ್ನೇ ನೋಡಿ, ನಕ್ಕು, ಊಂ ಅಂದಳು. ಹೆದರಿಕೆ ಹುಟ್ಟಿಸಿದ್ದು ಆ ನಗು. ಕೇಳದಿದ್ದುದನ್ನು ಮುಚ್ಚಿಕೊಳ್ಳುವ ನಗು. ಇನ್ನು ಸ್ವಲ್ಪ ದಿನ ಹೀಗೇ ಬಿಟ್ಟರೆ ಅವಳು ಆ ನಗುವಿನ ಹಿಂದೆ ಹೋಗಿ ಕೂತುಬಿಡುತ್ತಾಳೆ, ಹೊರಗೆ ಬರುವುದಿಲ್ಲ ಎನ್ನಿಸಿತು.

ಹಾಗಾಗಿ ನಾನು ಆಂಪ್ಲಿಫೈಯರು ಹುಡುಕತೊಡಗಿದೆ. ನನಗೆ ಬೇಕಿದ್ದದ್ದು ಇಷ್ಟೇ: ನಮ್ಮಂಥವರ ಕೈಗೆ ಎಟಕುವ, ಬೇಗ ಕೆಡದ, ಮಾತು ಮಾತಿನಂತೆ ಕೇಳುವ ಒಂದು ಡಬ್ಬ.

ಮೊದಲು ಹಳೆಯದನ್ನೇ ರಿಪೇರಿಗೆ ಕೊಟ್ಟೆ. ಒಳಗಿನ ಐಸಿ ಹೋಗಿದೆ ಎಂದರು. ಹೊಸದು ಹಾಕಿದರು. ವಾರವೂ ತುಂಬಲಿಲ್ಲ, ಮತ್ತೆ ಗುಂಯ್. ವಾಪಸ್ ಒಯ್ದರೆ ರಿಪೇರಿಯವನು ಬೇಸರವೇ ಇಲ್ಲದ ದನಿಯಲ್ಲಿ ಹೇಳಿದ: "ಒರಿಜಿನಲ್ ಐಸಿ ಈಗ ಬರಲ್ಲ ಮೇಡಂ. ಬರೋದೆಲ್ಲ ಡೂಪ್ಲಿಕೇಟು." ಹಾಕುವಾಗ ಯಾಕೆ ಹೇಳಲಿಲ್ಲ ಎಂದೆ. "ಹೇಳಿದ್ರೆ ಹಾಕಿಸ್ತಿದ್ರಾ?" ಅಂದ.

ಆಮೇಲೆ ಮಂಡ್ಯದ ನೂರಡಿ ರಸ್ತೆಯ ದೊಡ್ಡ ಅಂಗಡಿ. ಅಲ್ಲಿ ಆಂಪ್ಲಿಫೈಯರುಗಳಿಗೆಲ್ಲ ನೀಲಿ ದೀಪ. ಹಾಡು ಬಂದಾಗ ದೀಪ ಕುಣಿಯುತ್ತದೆ. ಡಬ್ಬದ ಮೇಲೆ ವಾಟಿನ ಸಂಖ್ಯೆ ಮದುವೆ ಮನೆಯ ಬೋರ್ಡಿನ ಅಕ್ಷರದಷ್ಟು ದಪ್ಪ. ನಾನು ಡಬ್ಬವನ್ನು ತಿರುಗಿಸಿದೆ. ಹಿಂಬದಿಯಲ್ಲಿ, ವೈರು ಹೊರಬರುವ ಕಡೆ, ಗೋಡೆಯಿಂದ ಅದು ಎಷ್ಟು ಕರೆಂಟು ಎಳೆಯುತ್ತದೆ ಎಂದು ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿತ್ತು. ಮುಂದೆ ಬರೆದದ್ದಕ್ಕಿಂತ ಅದು ಎಷ್ಟೋ ಪಾಲು ಕಡಿಮೆ.

"ಇದು ತಿನ್ನೋದು ಇಷ್ಟು ಅಂತ ಹಿಂದೆ ಇದೆ. ಕೊಡೋದು ಅಷ್ಟು ಅಂತ ಮುಂದೆ ಇದೆ. ಯಾವ ಹಸು ಹೀಗೆ ಹಾಲು ಕೊಡುತ್ತೆ?" ಎಂದು ಕೇಳಿದೆ.

ಅಂಗಡಿಯವನು ನಕ್ಕ. "ಅದು ಪೀಕ್ ಪವರ್ ಮೇಡಂ."

"ಹಾಗಂದ್ರೆ?"

"ಒಂದ್ ಸೆಕೆಂಡ್ ಬರುತ್ತೆ."

"ಮಿಕ್ಕ ಸೆಕೆಂಡು?"

"ಮೇಡಂ, ನೀವು ಸಾರನ್ನ ಕರ್ಕೊಂಡ್ ಬನ್ನಿ. ಅವರಿಗೆ ಎಕ್ಸ್‌ಪ್ಲೇನ್ ಮಾಡ್ತೀನಿ."

ಹೀಗೆ ಹೇಳಿ ಅವನು ಒಂದು ಹಾಡು ಹಾಕಿದ. ಹಾಡಿನಲ್ಲಿ ದಬ್ ದಬ್ ಬಿಟ್ಟು ಏನೂ ಇರಲಿಲ್ಲ. ಗಾಜಿನ ಕಪಾಟು ನಡುಗಿತು. "ಎದೆಗೆ ಗುದ್ದುತ್ತೆ ನೋಡಿ," ಎಂದು ಎದೆ ಮುಟ್ಟಿ ತೋರಿಸಿದ. ನಮ್ಮ ಅವ್ವನ ಎದೆಗೆ ಯಾರೂ ಗುದ್ದಬೇಕಾಗಿಲ್ಲ, ಮಾತು ಕೇಳಿಸಿ ಎಂದೆ. "ಮಾತಿಗೆ ಯಾರು ಮೇಡಂ ಆಂಪ್ಲಿಫೈಯರ್ ತಗೊಳ್ತಾರೆ?" ಅವನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. ಸಿಟ್ಟು ಬಂದದ್ದು ಅದಕ್ಕೇ. ಮೋಸ ಮಾಡುವವನಾಗಿದ್ದರೆ ಜಗಳವಾಡಬಹುದಿತ್ತು.

ಈ ಸುದ್ದಿ ಕಿರುಗಾವಲಿಗೆ ಹೋಯಿತು. ಅಲ್ಲಿ ನನ್ನ ಸೋದರಮಾವ, ಅವ್ವನ ತಮ್ಮ. ಆಯಸ್ಸೆಲ್ಲ ಬಂಡೂರು ಟಗರು ಕೊಂಡು ಮಾರಿದವನು. ನನಗೆ ಫೋನು ಮಾಡಿ, "ನಿಂಗೆ ಯಾಪಾರ ಬರಕಿಲ್ಲ ಕಣವ್ವ. ಬಾಯಲ್ ಕೇಳ್ತಾ ಕೂತ್ರೆ ಅವ್ನು ಬಾಯಲ್ಲೇ ಯೋಳ್ತನೆ. ಮಳವಳ್ಳಿಗ್ ಬಾ, ನಾನ್ ಬತ್ತೀನಿ," ಅಂದ. ಮಳವಳ್ಳಿಯಲ್ಲಿ ತಾನೇ ಆಂಪ್ಲಿಫೈಯರು ಜೋಡಿಸಿ ಮಾರುವ ಒಬ್ಬನಿದ್ದಾನೆ, ಅವನ ಮಾಲು ಗಟ್ಟಿ, ಸುತ್ತಲಿನ ಊರಿನವರೆಲ್ಲ ಅಲ್ಲಿಗೇ ಹೋಗುವುದು ಎಂದ.

ಮಾವ ಕುರಿ ನೋಡುವ ರೀತಿಯನ್ನು ಇಲ್ಲಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಮಾರುವವನ ಮಾತಿಗೆ ಅವನು ಕಿವಿ ಕೊಡುವುದಿಲ್ಲ. ಬೆನ್ನಿನ ಮೇಲೆ ಅಂಗೈ ಆಡಿಸುತ್ತಾನೆ, ಸೊಂಟದ ಹತ್ತಿರ ಹೆಬ್ಬೆರಳಿನಿಂದ ಅದುಮುತ್ತಾನೆ, ಆಮೇಲೆ ಮುಂಗಾಲಿನ ಸಂದಿಗೆ ಕೈ ಹಾಕಿ ಒಮ್ಮೆ ಎತ್ತಿ ಇಳಿಸುತ್ತಾನೆ. ಅಷ್ಟೆ. ತಕ್ಕಡಿ ಬೇಡ. ನಮ್ಮ ಕಡೆ ಎಲ್ಲರೂ ಹೀಗೇ. ಕುರಿಯನ್ನಷ್ಟೇ ಅಲ್ಲ, ಕುಂಬಳಕಾಯಿಯನ್ನು, ಪಂಪ್‌ಸೆಟ್ಟಿನ ಮೋಟರನ್ನು, ಎಲ್ಲವನ್ನೂ ಎತ್ತಿಯೇ ಕೊಳ್ಳುವುದು. ಮೋಟರಿನ ವಿಷಯದಲ್ಲಿ ಇದರಲ್ಲಿ ನ್ಯಾಯವೂ ಇದೆ. ಒಳಗೆ ತಾಮ್ರದ ತಂತಿ ಸುತ್ತಿದ್ದರೆ ಭಾರ, ಅಲ್ಯೂಮಿನಿಯಂ ಸುತ್ತಿದ್ದರೆ ಹಗುರ, ಹಗುರವಾದದ್ದು ಬೇಗ ಸುಡುತ್ತದೆ. ಆಂಪ್ಲಿಫೈಯರಿನ ಒಳಗೂ ಟ್ರಾನ್ಸ್‌ಫಾರ್ಮರ್ ಎಂಬ ತಂತಿ ಸುತ್ತಿದ ಗಡ್ಡೆ ಇರುತ್ತದೆ, ಅದು ದೊಡ್ಡದಾದಷ್ಟೂ ಒಳ್ಳೆಯದು ಎಂದು ನಾನೂ ಮೊಬೈಲಿನಲ್ಲಿ ಓದಿದ್ದೆ. ಹಾಗಾಗಿ ಮಾವನೂ ನಾನೂ ಜೀವನದಲ್ಲಿ ಮೊದಲ ಬಾರಿಗೆ ಒಂದೇ ಅಭಿಪ್ರಾಯದಲ್ಲಿ ಬಸ್ಸಿಳಿದೆವು.

ಮಳವಳ್ಳಿಯ ಅಂಗಡಿ ಕಿರಿದು. ಗೋಡೆಯುದ್ದಕ್ಕೂ ಕರಿ ಡಬ್ಬಗಳು. ಮಾವ ಟವೆಲ್ಲನ್ನು ಹೆಗಲಿನಿಂದ ತೆಗೆದು ಸೊಂಟಕ್ಕೆ ಬಿಗಿದು ಒಂದೊಂದನ್ನೇ ಎತ್ತಿದ.

"ಇದು ಕುರಿಯಲ್ಲ, ಬರೀ ಉಣ್ಣೆ." ಕೆಳಗಿಟ್ಟ. "ಇದ್ಕೆ ಜಂತುವುಳ." ಇಟ್ಟ. ಮೂಲೆಯಲ್ಲಿದ್ದ ಒಂದನ್ನು ಎತ್ತುವಾಗ ಅವನ ಕತ್ತಿನ ನರ ಉಬ್ಬಿತು. ಮುಖ ಅರಳಿತು. "ಅಗಾ! ಇದು ಟಗರು ಕಣವ್ವ."

ಅಂಗಡಿಯವನು ಹೊಗಳಲಿಲ್ಲ, ವಾಟು ಅನ್ನಲಿಲ್ಲ. ಅದು ನಮಗೆ ಬಹಳ ಹಿಡಿಸಿತು. ಮಾವ ಟವೆಲ್ ಬಿಚ್ಚಿ ಅವನ ಕೈ ಮೇಲೆ ಹೊದಿಸಿ, ಸಂತೆಯಲ್ಲಿ ಮಾಡುವ ಹಾಗೆ ಬಟ್ಟೆಯೊಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸಿದ. ನಾನು ಹಾಡು ಹಾಕಿ ಕೇಳಬೇಕು ಎಂದಿದ್ದೆನೇ? ಎಂದಿದ್ದೆ ಎಂದು ನೆನಪು ಹೇಳುತ್ತದೆ. ಈ ನೆನಪು ನನ್ನ ಪರವಾಗಿ ಇದೆ, ಆದ್ದರಿಂದ ನಾನು ಅದನ್ನು ನಂಬುವುದಿಲ್ಲ.

ಮನೆಗೆ ತಂದು ವೈರು ಸಿಕ್ಕಿಸಿದೆವು. ಸದ್ದು ಬಂತು, ಧಾರಾಳವಾಗಿ ಬಂತು. ಅಡಿಗೆಮನೆಯ ಲೋಟಗಳು ಮಾತಾಡಿದವು. ಅವ್ವ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ಕೂತು ಕೇಳಿದಳು.

"ಯಾರ್ ಮದ್ವೆ?" ಎಂದಳು.

ಓದುತ್ತಿದ್ದದ್ದು ಹವಾಮಾನ ವರದಿ.

ಮಾವ ಹೆಮ್ಮೆಯಿಂದ ಕಿರುಗಾವಲಿಗೆ ಹಿಂತಿರುಗಿದ. ನಾನು ಗುಂಡಿಗಳನ್ನು ತಿರುಗಿಸುತ್ತ ಉಳಿದೆ. ಸದ್ದು ತಗ್ಗಿಸಿದರೆ ಗುಂಯ್, ಏರಿಸಿದರೆ ಮದುವೆ. ಸಂಜೆ ಹೊತ್ತು ಕರೆಂಟು ಕುಗ್ಗಿದಾಗ ತಾನಾಗಿಯೇ ಆರಿಹೋಗುತ್ತಿತ್ತು, ಮುಟ್ಟಿದರೆ ದೋಸೆ ಹೆಂಚು. ಮಾವನಿಗೆ ಫೋನು ಮಾಡಿದರೆ, "ಹೊಸಾದು, ವಸಿ ಪಳಗಬೇಕು ಕಣವ್ವ," ಅನ್ನುತ್ತಿದ್ದ. ಗಂಡ, "ನಿಮ್ಮವ್ವಂಗೆ ಏನ್ ತಂದ್ರೂ ಕೇಳಲ್ಲ, ಬಿಡು," ಎಂದು ಮೊಬೈಲಿಗೆ ಮರಳಿದರು. ಅವ್ವ ಎಲ್ಲಕ್ಕೂ ಊಂ.

ಒಂದು ದಿನ ಕಸ ಗುಡಿಸಲು ಅದನ್ನು ಓರೆ ಮಾಡಿದಾಗ ಒಳಗೆ ಏನೋ ಲೊಟಕ್ಕನೆ ಜಾರಿತು. ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದೆ. ಟ್ರಾನ್ಸ್‌ಫಾರ್ಮರ್ ಇತ್ತು, ನನ್ನ ಮುಷ್ಟಿಗಿಂತ ಚಿಕ್ಕದು. ಅದರ ಪಕ್ಕದಲ್ಲಿ, ಸೈಕಲ್ ಟ್ಯೂಬಿನ ರಬ್ಬರಿನಲ್ಲಿ ಸುತ್ತಿ ತಗಡಿನ ಪಟ್ಟಿಯಿಂದ ಬಿಗಿದು, ಈಗ ಪಟ್ಟಿ ಸಡಿಲವಾಗಿ ಓಡಾಡುತ್ತಿದ್ದ ಒಂದು ಚಪ್ಪಡಿ ಕಲ್ಲಿನ ತುಂಡು. ಅಂಚುಗಳನ್ನು ಉಜ್ಜಿ ನಯ ಮಾಡಿದ್ದರು. ಆ ನಯಗಾರಿಕೆ ನೋಡಿ ನನ್ನ ಕೋಪ ಇಮ್ಮಡಿಸಿತು. ಸ್ಪೀಕರಿನ ವೈರನ್ನು ಬೆಸುಗೆ ಹಾಕಲು ಇಲ್ಲದ ಶ್ರದ್ಧೆ ಕಲ್ಲಿಗೆ ಹಾಕಿದ್ದ.

ಮಾವನನ್ನು ಕರೆಸಿದೆ. ಡಬ್ಬ ಹೊತ್ತು ಮತ್ತೆ ಮಳವಳ್ಳಿ. ಅಂಗಡಿಯವನ ಮುಂದೆ ಮುಚ್ಚಳ ತೆಗೆದಿಟ್ಟರೆ ಅವನು ಬೆಚ್ಚಲೂ ಇಲ್ಲ.

"ಕಲ್ಲಿಗೆ ನಾನ್ ಕಾಸ್ ತಗಂಡಿಲ್ಲ ಅಕ್ಕ," ಅಂದ.

"ಯಾಕ್ಲಾ ಮಡ್ಗಿದ್ದೆ?" ಎಂದ ಮಾವ.

"ಮೊದ್ಲು ಕಲ್ಲಿಲ್ದೆನೇ ಮಾಡ್ತಿದ್ದೆ ಯಜಮಾನ್ರೆ. ಬಂದೋರೆಲ್ಲ ಎತ್ತೋರು, ಅಗುರ ಅಂತ ಮಡ್ಗಿಬುಟ್ಟು ಓಗೋರು. ಹಾಡ್ ಆಕ್ತೀನಿ ಕೇಳಿ ಅಂದ್ರೆ ಒಬ್ರೂ ನಿಲ್ತಿರ್ನಿಲ್ಲ. ನೀವ್ ಕೇಳುದ್ರಾ? ಎತ್ತುದ್ರಿ. ಎತ್ತೋರಿಗೆ ಅಂತ್ಲೇ ಮಾಡಿರೋ ಮಾಲಿದು."

ಮಾವ ಸ್ಟೂಲಿನ ಮೇಲೆ ಕೂತ. ಟವೆಲ್ಲಿನಿಂದ ಮುಖ ಒರೆಸಿಕೊಂಡ. "ಕುರಿಗೆ ಉಪ್ ತಿನ್ಸಿ, ನೀರ್ ಕುಡ್ಸಿ ಸಂತೆಗ್ ಒಡ್ಕಂಡ್ ಬರೋದ್ ನಂಗೊತ್ತು," ಎಂದ, ನನಗೋ ಅಂಗಡಿಯವನಿಗೋ ತಿಳಿಯದ ಹಾಗೆ. "ಡಬ್ಬಕ್ಕೂ ನೀರ್ ಕುಡುಸ್ತಾರೆ ಅಂತ ಗೊತ್ತಿರ್ನಿಲ್ಲ."

ಆಮೇಲೆ ಅವನು ಆ ಸ್ಟೂಲು ಬಿಟ್ಟು ಏಳಲಿಲ್ಲ. ವಾಪಸ್ ತಗೋ ಎಂದು ಒಮ್ಮೆ ಹೇಳಿ ಸುಮ್ಮನೆ ಕೂತ. ಗಿರಾಕಿಗಳು ಬಂದರು. ಬಂದವರು ಬಂದವರೇ ಡಬ್ಬ ಎತ್ತಿದರು. ಪ್ರತಿ ಸಲವೂ ಮಾವ ಕಣ್ಣು ಮುಚ್ಚಿಕೊಂಡೇ, "ಒಳುಗ್ ಕಲ್ಲದೆ, ಎತ್ತಪ್ಪ ಎತ್ತು," ಎಂದ. ಅಂಗಡಿಯವನು ಕೊನೆಗೆ ಕೈಮುಗಿದು ಡಬ್ಬ ತೆಗೆದುಕೊಂಡ. ಕಲ್ಲನ್ನು ಮಾತ್ರ ಮಾವ ಕೊಡಲಿಲ್ಲ. ಟವೆಲ್ಲಿನಲ್ಲಿ ಕಟ್ಟಿ ನನ್ನ ಬ್ಯಾಗಿಗೆ ಹಾಕಿದ. ಏನು ಮಾಡಲಿ ಇದನ್ನ ಎಂದು ಕೇಳಿದರೆ, "ನಿಮ್ಮವ್ವಂಗ್ ತೋರ್ಸು," ಎಂದ. ಅವ್ವ ಅದನ್ನು ನೋಡಿ, ಊಂ ಅಂದು, ಬೆಳ್ಳುಳ್ಳಿ ಜಜ್ಜಲು ಇಟ್ಟುಕೊಂಡಳು.

ಆಗ ನನಗೆ ಬಂದ ಸಿಟ್ಟು ಯಾರ ಮೇಲೆ ಎಂದು ಹೇಳುವುದು ಕಷ್ಟ. ವಾಟಿನವನ ಮೇಲೆ, ಐಸಿಯವನ ಮೇಲೆ, ಕಲ್ಲಿನವನ ಮೇಲೆ. ಎಲ್ಲರೂ ಒಂದೇ ಮಾತನ್ನು ಹೇಳಿದ್ದರು: ನೀವು ಕೇಳುವುದನ್ನೇ ಕೊಡುತ್ತೇವೆ. ಕೇಳಬೇಕಾದವಳು ಮಾತ್ರ ಇಷ್ಟು ದಿನವೂ ಗುತ್ತಲಿನ ಕುರ್ಚಿಯಲ್ಲಿ ಕೂತಿದ್ದಳು. ಅವಳ ಕಿವಿಗೆ ಬೇಕಾದದ್ದನ್ನು ನಾವೆಲ್ಲ ಕೈಯಲ್ಲಿ, ಕಣ್ಣಲ್ಲಿ, ಮೊಬೈಲಿನಲ್ಲಿ ಅಳೆಯುತ್ತಿದ್ದೆವು.

ಒಂದು ಬೆಳಿಗ್ಗೆ ರೇಡಿಯೊದ ಕೃಷಿ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಭತ್ತದ ಒಟ್ಲು, ಅಂದರೆ ಸಸಿ ಎಬ್ಬಿಸುವ ಮಡಿ, ಹೇಗೆ ಮಾಡಬೇಕೆಂಬ ಮಾತು. ಅವ್ವನನ್ನು ಮದ್ದೂರಿನ ಬಸ್ಸು ಹತ್ತಿಸಿದೆ. ಮದ್ದೂರೇ ಯಾಕೆ? ಮಂಡ್ಯದಲ್ಲಿ ನನ್ನ ಮುಖ ನೋಡಿದರೆ ಅಂಗಡಿಯವರು ಚಹಾ ಕುಡಿಯಲು ಹೋಗುವಷ್ಟು ಹೆಸರಾಗಿದ್ದೆ, ಅದಕ್ಕೆ.

ಬಸ್‌ಸ್ಟ್ಯಾಂಡಿನ ಹತ್ತಿರದ ಸಾಧಾರಣ ಅಂಗಡಿ. ಅಂಗಡಿಯವರು ವಯಸ್ಸಾದವರು. ಅವ್ವನಿಗೆ ಕುರ್ಚಿ ಕೊಟ್ಟು, ಬಗ್ಗಿ, "ಏನಮ್ಮ, ಭಜನೆ ಹಾಕ್ಲಾ?" ಎಂದು ಕೇಳಿ, ಉತ್ತರ ಬರುವ ಮೊದಲೇ ದಬ್ ದಬ್ ಹಾಡು ಹಾಕಿದರು. ಅವ್ವ ಎದ್ದು ನಿಂತು ನನ್ನ ಕೈ ಹಿಡಿದು, "ನಡಿ ಓಗನ," ಎಂದಳು. ನಾನು ಅವಳನ್ನು ಕೂರಿಸಿ, ಫೋನಿನ ವೈರನ್ನು ನಾನೇ ಸಿಕ್ಕಿಸಿದೆ. ಸದ್ದು ಕಡಿಮೆ ಇಡಿ, ಎಲ್ಲ ಡಬ್ಬಗಳಲ್ಲೂ ಇದೇ ಮಾತನ್ನು ಇದೇ ಪೆಟ್ಟಿಗೆಗೆ ಕೊಟ್ಟು ಕೇಳಿಸಿ ಎಂದೆ.

"ಬೇಸಾಯದ್ ಮಾತ್ ಹಾಕ್ಕೊಂಡು ಸೌಂಡ್ ನೋಡೋರ್ನ ಈಗ್ಲೇ ನೋಡ್ತಿರೋದು," ಎಂದರೂ ಮಾಡಿದರು.

ಅವ್ವ ಮೊದಲ ಮಾತಿಗೇ ಜಗಳ ತೆಗೆದಳು ಎಂದು ಮಾವನಿಗೆ ಫೋನಿನಲ್ಲಿ ಹೇಳಿದ್ದೆ. ಅದು ಸುಳ್ಳು. ಒಂದಾದ ಮೇಲೆ ಒಂದು ಡಬ್ಬ ಬದಲಾದರೂ ಅವಳು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ಊಂ ಎನ್ನುತ್ತಲೇ ಇದ್ದಳು, ಆ ನಗು ನಗುತ್ತಲೇ ಇದ್ದಳು. ಸಾಕು, ಇನ್ನು ಮನೆಗೆ ಹೋಗೋಣ ಎಂದು ನಾನು ವೈರಿಗೆ ಕೈ ಹಾಕಿದ್ದೂ ನಿಜ. ಅಂಗಡಿಯವರು ಸುಮ್ಮನೆ, ಲೆಕ್ಕಕ್ಕಿರಲಿ ಎಂಬಂತೆ, ಊಟದ ಡಬ್ಬಿಗಿಂತ ಸ್ವಲ್ಪ ದೊಡ್ಡದಾದ ಒಂದನ್ನು ಮುಂದಿಟ್ಟರು. ಅದರ ಒಳಗೆ ಟ್ರಾನ್ಸ್‌ಫಾರ್ಮರ್ ಇರಲಿಲ್ಲ. ಲ್ಯಾಪ್‌ಟಾಪಿಗೆ ಇರುವಂಥ ಒಂದು ಕರಿ ಗಂಟು ವೈರಿನಲ್ಲೇ ಇತ್ತು. ಮಾತು ಶುರುವಾಯಿತು. ಬೀಜಕ್ಕೆ ಯಾವುದೋ ಪುಡಿ ಬೆರೆಸಿ ಎಂದು ರೇಡಿಯೊದವರು ಹೇಳಿದರು.

ಅವ್ವನ ಹುಬ್ಬು ಗಂಟಾಯಿತು. ಅಂಗೈ ಪೆಟ್ಟಿಗೆಯಿಂದ ಮೇಲೆದ್ದಿತು.

"ಯಾವ್ ಪುಡೀಲಾ? ಬೀಜ ನೆನಾಕಿ ಮೊಳಕೆ ಕಟ್ದೆ ಪುಡಿ ಯೋಳ್ತಾವ್ನಲ್ಲ ಮೂದೇವಿ! ಇವ್ನ್ ಮಾತ್ ಕೇಳುದ್ರೆ ಒಟ್ಲೆಲ್ಲ ಗುಬ್ಬಿ ಪಾಲು."

ಅಂಗಡಿಯವರು ಬೆಚ್ಚಿ ನನ್ನ ಮುಖ ನೋಡಿದರು. "ನಂಗಾ ಬೈದಿದ್ದು?" ಎಂದರು. ಅಲ್ಲ ಎಂದೆ.

ಅವರು ಪ್ರಾಮಾಣಿಕರು, ಅಥವಾ ದೊಡ್ಡದನ್ನು ಮಾರುವ ಆಸೆ. "ಇದು ಕಡಿಮೆ ರೇಂಜಿಂದು ಕಣಮ್ಮ, ಇದ್ರಲ್ಲಿ ದಬ್ ದಬ್ ಅನ್ನೋ ಗುಮ್ಮು ಇಲ್ಲ," ಎಂದರು. ಗುಮ್ಮು ಇಲ್ಲದ್ದಕ್ಕೇ ಬೇಕು ಎಂದೆ. ಎಷ್ಟು ವರ್ಷ ಬಾಳುತ್ತದೆ ಎಂದು ಕೇಳಿದೆ. "ಕರೆಂಟ್ ಚೆನ್ನಾಗಿದ್ರೆ ಬಾಳುತ್ತೆ." ಕರೆಂಟು ಚೆನ್ನಾಗಿರುವುದಿಲ್ಲ. "ಹಂಗಾದ್ರೆ ದೇವ್ರು." ಇದಕ್ಕಿಂತ ಖಚಿತವಾದ ಗ್ಯಾರಂಟಿ ಮೂರು ಊರಿನಲ್ಲೂ ಸಿಗಲಿಲ್ಲವಾದ್ದರಿಂದ, ಅದನ್ನು ಹಾಗೇ ಓಡಲು ಬಿಡಿ ಎಂದು ಹೇಳಿ ಅವ್ವನನ್ನು ಕರೆದುಕೊಂಡು ಹೋಗಿ ವಡೆ ತಿನ್ನಿಸಿ, ಆರಾಮವಾಗಿ ವಾಪಸ್ ಬಂದು ಮುಟ್ಟಿ ನೋಡಿದೆ. ಬೆಚ್ಚಗಿತ್ತು, ಸುಡುತ್ತಿರಲಿಲ್ಲ. ಸದ್ದು ತಗ್ಗಿಸಿ ಕಿವಿಯಿಟ್ಟೆ. ಗುಂಯ್ ಇರಲಿಲ್ಲ. ಪವರ್ ಗಂಟು ಮಾತ್ರ ಸಿಕ್ಕಾಪಟ್ಟೆ ಕಾಯುತ್ತಿತ್ತು. ಕೆಡುವುದಾದರೆ ಮೊದಲು ಅದೇ ಕೆಡುತ್ತದೆ. ಅದಿರಲಿ, ಅದು ಬೇರೆ ಸಿಗುತ್ತದೆ. ತೆಗೆದುಕೊಂಡೆ.

ಹೋದ ವಾರ ಮಾವ ಬಂದಿದ್ದ. ಚಪ್ಪಲಿ ಬಿಟ್ಟವನೇ ಡಬ್ಬ ಎಲ್ಲಿ ಎಂದ. ಅವ್ವ ಪಕ್ಕದಲ್ಲೇ ಕೂತು ವಾರ್ತೆ ಕೇಳುತ್ತಿದ್ದಳು. ನಾನು ಅಡಿಗೆಮನೆಯಲ್ಲಿದ್ದೆ, ಬೆಳ್ಳುಳ್ಳಿ ಜಜ್ಜುತ್ತಿದ್ದೆ. ಜಜ್ಜುತ್ತಿದ್ದೆನೋ ಇಲ್ಲವೋ, ಕಲ್ಲು ಕೈಯಲ್ಲಿದ್ದರೆ ಚೆನ್ನ ಎಂದು ಈಗ ಸೇರಿಸಿಕೊಳ್ಳುತ್ತಿರಬಹುದು. ಮಾವ ಬಗ್ಗಿ ಎರಡೇ ಬೆರಳಲ್ಲಿ ಅದನ್ನು ಎತ್ತಿದ.

"ಥೂ, ಇಲಿ ಮರಿ. ಇದು ದೀಪಾವಳಿ ಕಾಣಕಿಲ್ಲ ಕಣವ್ವ."

ಎತ್ತಿದ ರಭಸಕ್ಕೆ ಹಿಂದಿನ ವೈರು ಕಿತ್ತುಬಂತು. ವಾರ್ತೆ ನಿಂತಿತು. ಮನೆಯಲ್ಲಿ ಫ್ಯಾನಿನ ಸದ್ದೊಂದೇ ಉಳಿಯಿತು. ನಾನು ಬಾಗಿಲಿಗೆ ಬಂದೆ. ಅವ್ವನ ಮುಖದ ಮೇಲೆ ಆ ನಗು ಬರುತ್ತದೆಯೇ ಎಂದು ನೋಡಿದೆ. ಈಗಲೂ ನೋಡುತ್ತೇನೆ, ಪ್ರತಿದಿನ ಬೆಳಿಗ್ಗೆ ಸ್ವಿಚ್ಚು ಹಾಕಿದಾಗ, ಅವಳು ಯಾರನ್ನಾದರೂ ಬೈಯುವವರೆಗೆ.

"ಮಡುಗ್ಲಾ ಕೆಳೀಕೆ!" ಅವ್ವ ಕೂಗಿದ್ದು ಪಕ್ಕದ ಮನೆಗೂ ಕೇಳಿರಬೇಕು. "ನಾಲೆಗ್ ಯಾವತ್ ನೀರ್ ಬುಡ್ತಾರೆ ಅಂತ ಯೋಳ್ತಿದ್ನಲ್ಲೋ ಅವ್ನು! ಬಂದ್ಬುಟ್ಟ, ಎತ್ತಾಕೆ!"

ಮಾವ ಅದನ್ನು ಮೊಟ್ಟೆ ಇಡುವ ಹಾಗೆ ಕೆಳಗಿಟ್ಟ. ವೈರು ಎಲ್ಲಿಗೆ ಸಿಕ್ಕಿಸಬೇಕೆಂದು ಗೊತ್ತಾಗದೆ ನನ್ನ ಕಡೆ ನೋಡಿದ. ಮಾತು ಮರಳಿ ಬರುವ ಹೊತ್ತಿಗೆ ನಾಲೆಯ ಸುದ್ದಿ ಮುಗಿದು ಬೇರೇನೋ ಓದುತ್ತಿದ್ದರು. ಅವ್ವ ಅದಕ್ಕೂ ಒಪ್ಪಲಿಲ್ಲ.